ಗಾಜಿನ ತೊಟ್ಟಿಯ ಜಲಸಸ್ಯಗಳಿಗೆ ತಕ್ಕಷ್ಟು ಬೆಳಕು

ಗಾಜಿನ ತೊಟ್ಟಿಯಲ್ಲಿ ಮೀನುಗಳನ್ನು ಸಾಕುವದು ಮಕ್ಕಳಿಗೆ ಬಹು ಪ್ರಿಯವಾದ ವಿನೋದವು. ಆ ತೊಟ್ಟಿಯಲ್ಲಿ ಪ್ಲಾಸ್ಟಿಕ್ಕಿನ ಗಿಡಗಳಿಗೆ ಬದಲಾಗಿ ಜೀವವುಳ್ಳ ಜಲಸಸ್ಯಗಳನ್ನು ನೆಟ್ಟರೆ ಅದು ಬರಿಯ ವಿನೋದವಾಗಿ ಉಳಿಯದೆ ಸೃಷ್ಟಿಯ ನಿಯಮಗಳನ್ನು ಕಲಿಸುವ ಚಿಕ್ಕದೊಂದು ಪಾಠಶಾಲೆಯೇ ಆಗುವದು. ಆದರೆ ಇಂಥ ತೊಟ್ಟಿಯನ್ನು ಇಟ್ಟುಕೊಂಡ ಹೆತ್ತವರಿಂದಲೂ ಹಳೆಯ ವಿದ್ಯಾರ್ಥಿನಿಯರಿಂದಲೂ ನಾವು ಕೇಳುವ ದೂರುಗಳು ಹೆಚ್ಚಾಗಿ ಎರಡೇ ಬಗೆಯವು. "ಗಿಡಗಳು ಹಳದಿಯಾಗಿ ಕೊಳೆತುಹೋದವು" ಎಂಬದು ಒಂದು. "ನೀರೆಲ್ಲ ಹಸುರಾಯಿತು, ಗಾಜಿಗೆ ಪಾಚಿ ಹತ್ತಿತು, ಕಡೆಗೆ ಮೀನುಗಳೂ ಸತ್ತವು" ಎಂಬದು ಇನ್ನೊಂದು. ಈ ಎರಡು ಕೇಡುಗಳು ಒಂದಕ್ಕೊಂದು ವಿರುದ್ಧವಾಗಿ ತೋರಿದರೂ ಅನೇಕ ವೇಳೆ ಅವುಗಳ ಮೂಲವು ಒಂದೇ. ಅದು ಬೆಳಕಿನ ಅಳತೆ ತಪ್ಪುವದೇ. ಮೊದಲನೆಯ ಮನೆಯಲ್ಲಿ ಬೆಳಕು ಸಾಲದೆ ಹೋಯಿತು. ಎರಡನೆಯ ಮನೆಯಲ್ಲಿ ಮಿತಿಮೀರಿತು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಈ ಊರುಗಳಲ್ಲಿ ವಾಸಿಸುವವರು ಈ ವಿಷಯದಲ್ಲಿ ವಿಶೇಷವಾಗಿ ಎಚ್ಚರವಾಗಿರಬೇಕು. ಯಾಕಂದರೆ ಜಲಸಸ್ಯಗಳ ವಿಷಯವಾಗಿ ಬರೆಯಲ್ಪಟ್ಟ ಪುಸ್ತಕಗಳಲ್ಲಿ ಬಹಳವು ಮೆತ್ತನೆಯ ನೀರೂ ತಂಪಾದ ಹವೆಯೂ ಉಳ್ಳ ದೇಶಗಳಲ್ಲಿ ಹುಟ್ಟಿದವು. ನಮ್ಮಲ್ಲಾದರೋ ಬಿಸಿಲು ಪ್ರಖರವಾದದ್ದು, ಬೇಸಿಗೆಯು ಉಗ್ರವಾದದ್ದು, ನೀರು ಸುಣ್ಣಗಲ್ಲಿನ ನೆಲದಿಂದ ಬಂದದ್ದು. ಆದದರಿಂದ ನಮ್ಮ ಮನೆಗಳಿಗೆ ಒಪ್ಪುವ ಹಾಗೆ ಬೆಳಕನ್ನು ಆರಿಸುವ ಬಗೆ ಹೇಗೆಂಬದನ್ನು ಈ ಲೇಖನದಲ್ಲಿ ವಿವರಿಸುವೆವು.

ಮೊದಲು ಬೆಳಕಿನಿಂದ ಗಿಡಕ್ಕಾಗುವ ಪ್ರಯೋಜನವನ್ನು ತಿಳಿದುಕೊಳ್ಳತಕ್ಕದ್ದು. ಮನುಷ್ಯರಾದ ನಾವು ಅಡಿಗೆಯ ಮನೆಯಿಂದ ಆಹಾರವನ್ನು ಪಡೆಯುವೆವು. ಗಿಡಕ್ಕೆ ಅದರ ಎಲೆಯೇ ಅಡಿಗೆಯ ಮನೆ, ಬೆಳಕೇ ಒಲೆಯ ಉರಿ. ನೀರನ್ನೂ ಇಂಗಾಲಾಮ್ಲ ವಾಯುವನ್ನೂ ತೆಗೆದುಕೊಂಡು ಎಲೆಯು ತನ್ನಲ್ಲಿರುವ ಹಸುರು ದ್ರವ್ಯದ ಮೂಲಕ ಬೆಳಕಿನ ಬಲವನ್ನು ಹಿಡಿದು ಸಕ್ಕರೆಯನ್ನು ಮಾಡಿಕೊಳ್ಳುವದು. ಆ ಕೆಲಸದಲ್ಲಿ ಪ್ರಾಣವಾಯುವನ್ನು ಹೊರಕ್ಕೆ ಬಿಡುವದು. ಈಗಿನ ಪಾಠಪುಸ್ತಕಗಳಲ್ಲಿ ಇದಕ್ಕೆ ದ್ಯುತಿಸಂಶ್ಲೇಷಣೆ ಎಂಬ ಹೆಸರುಂಟು. ಮೇಣದಬತ್ತಿಯಿಂದ ಕೆಟ್ಟ ಗಾಳಿಯನ್ನು ಪುದೀನದ ಗಿಡವು ತಿರಿಗಿ ಶುದ್ಧಮಾಡುವದೆಂದು ಜೋಸೆಫ್ ಪ್ರೀಸ್ಟ್ಲಿ ಎಂಬವರು 1771ರಲ್ಲಿ ಕಂಡರು. ಆದರೆ ಈ ಶುದ್ಧೀಕರಣವು ಬೆಳಕಿನಲ್ಲಿ ಮಾತ್ರ, ಅದೂ ಹಸುರು ಭಾಗಗಳಿಂದ ಮಾತ್ರ ನಡೆಯುವದೆಂದು 1779ರಲ್ಲಿ ಪ್ರಕಟಿಸಿದವರು ಯಾನ್ ಇಂಗೆನ್‌ಹೌಸ್ ಎಂಬ ವೈದ್ಯರು. ಅವರು ಎಲೆಗಳನ್ನು ನೀರಿನಲ್ಲಿ ಮುಳುಗಿಸಿ ಬಿಸಿಲಿಗಿಟ್ಟಾಗ ಅವುಗಳ ಮೇಲೆ ಗುಳ್ಳೆಗಳೇಳುವದನ್ನೂ, ಕತ್ತಲೆಯಲ್ಲಿ ಅದು ನಿಂತುಹೋಗುವದನ್ನೂ ಪರೀಕ್ಷಿಸಿದರು. ಪ್ರೌಢಶಾಲೆಯ ವಿಜ್ಞಾನದ ಕೋಣೆಯಲ್ಲಿ ಹೈಡ್ರಿಲ್ಲಾ ಗಿಡದ ಮೇಲೆ ಆಲಿಕೆಯನ್ನು ಬೋರಲಾಗಿಟ್ಟು ಪರೀಕ್ಷಾನಳಿಗೆಯಲ್ಲಿ ಗುಳ್ಳೆಗಳನ್ನು ಕೂಡಿಸಿದ ಪ್ರಯೋಗವು ಹಳೆಯ ವಿದ್ಯಾರ್ಥಿನಿಯರ ನೆನಪಿನಲ್ಲಿ ಇದ್ದೇ ಇರುವದು. ಅದು ಇಂಗೆನ್‌ಹೌಸರ ಪ್ರಯೋಗದ ವಂಶದ್ದೇ.

ಜೀವಿಗಳನ್ನು ಗಾಜಿನ ಪಾತ್ರೆಯಲ್ಲಿಟ್ಟು ಅಭ್ಯಾಸ ಮಾಡುವ ಪದ್ಧತಿಯಲ್ಲಿ ಒಬ್ಬ ಸ್ತ್ರೀಯ ಹೆಸರು ಅಗ್ರಗಣ್ಯವಾದದ್ದು. ಹೊಲಿಗೆಯ ಕೆಲಸದಿಂದ ಜೀವನವನ್ನು ಆರಂಭಿಸಿದ ಫ್ರಾನ್ಸ್ ದೇಶದ ಜಾನ್ ವಿಲ್‌ಪ್ರೋ-ಪವರ್ ಎಂಬಾಕೆಯು 1832ರಲ್ಲಿ ಸಿಸಿಲಿ ದ್ವೀಪದಲ್ಲಿ ಸಮುದ್ರದ ಜೀವಿಗಳನ್ನು ನೋಡುವದಕ್ಕಾಗಿ ಗಾಜಿನ ತೊಟ್ಟಿಗಳನ್ನು ಮಾಡಿಸಿಕೊಂಡಳು. ಆ ಮೇಲೆ 1850ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞರು ಲಂಡನ್ನಿನಲ್ಲಿ ಚಿನ್ನದ ಮೀನು, ವ್ಯಾಲಿಸ್ನೇರಿಯಾ ಎಂಬ ಜಲಸಸ್ಯ, ಬಸವನಹುಳ ಇವುಗಳನ್ನು ಒಂದೇ ಪಾತ್ರೆಯಲ್ಲಿಟ್ಟು ತಮ್ಮ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಮೀನು ಬಿಟ್ಟ ಉಸಿರು ಗಿಡಕ್ಕೆ ಆಹಾರ. ಗಿಡವು ಬಿಟ್ಟ ಪ್ರಾಣವಾಯು ಮೀನಿಗೆ ಉಸಿರು. ಕೊಳೆತ ಎಲೆಯು ಬಸವನಹುಳಕ್ಕೆ ಊಟ. ಹೀಗೆ ಒಂದು ಇನ್ನೊಂದನ್ನು ಪೋಷಿಸುವ ಸಂಸಾರವು ಗಾಜಿನೊಳಗೆ ಏರ್ಪಟ್ಟಿತು. ಈ ಸಂಸಾರವನ್ನು ನಡಿಸುವ ಬಲವು ಹೊರಗಿನಿಂದ ಬರುವ ಬೆಳಕೇ. ಆದದರಿಂದಲೇ ಬೆಳಕಿನ ಅಳತೆ ಕೆಟ್ಟರೆ ಸಂಸಾರವೂ ಕೆಡುವದು.

ಹಾಗಾದರೆ ಬೆಳಕು ಹೆಚ್ಚಿದಷ್ಟೂ ಗಿಡವು ಚೆನ್ನಾಗಿ ಬೆಳೆಯುವದಲ್ಲವೇ ಎಂದು ಯಾರಾದರೂ ಕೇಳಬಹುದು. ಇಲ್ಲ. ರೊಟ್ಟಿ ಬಡಿಯುವ ತಾಯಂದಿರಿಗೆ ಇದು ಸುಲಭವಾಗಿ ತಿಳಿಯುವದು. ಬುಟ್ಟಿಯಲ್ಲಿ ಜೋಳದ ಹಿಟ್ಟು ಒಂದು ಸೇರು ಮಾತ್ರ ಇದ್ದರೆ ಒಲೆಯ ಉರಿಯನ್ನು ಎಷ್ಟು ಹೆಚ್ಚಿಸಿದರೂ ರೊಟ್ಟಿಗಳ ಲೆಕ್ಕವು ಹೆಚ್ಚುವದಿಲ್ಲ. ಹೆಂಚಿನ ಮೇಲಿದ್ದ ರೊಟ್ಟಿಯೇ ಕರಿಕಾಗುವದು. ಗಿಡದ ವಿಷಯದಲ್ಲಿ ಉರಿಯೆಂದರೆ ಬೆಳಕು. ಹಿಟ್ಟೆಂದರೆ ಇಂಗಾಲಾಮ್ಲ ವಾಯುವೂ ಸಾರಜನಕ, ರಂಜಕ, ಪೊಟ್ಯಾಸಿಯಂ, ಕಬ್ಬಿಣ ಮೊದಲಾದ ಪೋಷಕ ದ್ರವ್ಯಗಳೂ. ಯಾವ ವಸ್ತುವು ಅತ್ಯಂತ ಕೊರತೆಯಾಗಿದೆಯೋ ಅದೇ ಬೆಳವಣಿಗೆಗೆ ಮಿತಿಯನ್ನು ಹಾಕುವದೆಂದು ಬ್ಲ್ಯಾಕ್‌ಮನ್ ಎಂಬ ಆಂಗ್ಲ ಸಸ್ಯಶಾಸ್ತ್ರಜ್ಞರು 1905ರಲ್ಲಿ ನಿರೂಪಿಸಿದರು. ಆ ಮಿತಿಯನ್ನು ಮೀರಿದ ಬೆಳಕು ನೆಟ್ಟ ಗಿಡಕ್ಕೆ ದಕ್ಕುವದಿಲ್ಲ. ಆದರೆ ಅತ್ಯಲ್ಪ ಆಹಾರದಿಂದಲೇ ಬದುಕಬಲ್ಲ ಪಾಚಿಯು ಅದನ್ನು ಬಿಡುವದಿಲ್ಲ. ಉಪಯೋಗವಾಗದೆ ಉಳಿದ ಬೆಳಕೆಲ್ಲ ಪಾಚಿಯ ಪಾಲೆಂದು ನೆನಪಿನಲ್ಲಿಡಬೇಕು. ತಕ್ಕಷ್ಟು ಬೆಳಕು ಎಂಬ ಮಾತಿನ ಅರ್ಥವು ಇದೇ. ನಿಮ್ಮ ತೊಟ್ಟಿಯ ಗಿಡಗಳು ತಮಗೆ ಸಿಕ್ಕುವ ಆಹಾರದೊಂದಿಗೆ ಎಷ್ಟು ಬೆಳಕನ್ನು ಉಪಯೋಗಿಸಬಲ್ಲವೋ ಅಷ್ಟು. ಅದಕ್ಕಿಂತ ಕಡಿಮೆಯೂ ಅಲ್ಲ, ಹೆಚ್ಚೂ ಅಲ್ಲ.

ಈಗ ನಮ್ಮ ನೀರಿನ ಕಡೆಗೆ ತಿರುಗೋಣ. ಶಹಾಬಾದದ ಹಾಸುಗಲ್ಲು ದೂರದ ಊರುಗಳ ಮನೆಗಳಲ್ಲಿಯೂ ನೆಲಕ್ಕೆ ಹಾಸಲ್ಪಟ್ಟಿದೆ. ವಾಡಿಯೂ ಸೇಡಮ್ಮೂ ಸಿಮೆಂಟಿನ ಕಾರಖಾನೆಗಳಿಂದ ಹೆಸರುಗೊಂಡಿವೆ. ಇವೆರಡಕ್ಕೂ ಕಾರಣವು ನಮ್ಮ ಕಾಲ ಕೆಳಗಿರುವ ಸುಣ್ಣಗಲ್ಲು. ಮಳೆಯ ನೀರು ಈ ಕಲ್ಲಿನೊಳಗೆ ಇಳಿದು ಸುಣ್ಣವನ್ನು ಕರಗಿಸಿಕೊಂಡು ಬಾವಿಗಳಲ್ಲಿಯೂ ಕೊಳವೆ ಬಾವಿಗಳಲ್ಲಿಯೂ ಗಡಸು ನೀರಾಗಿ ದೊರೆಯುವದು. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಹೊರೆ ಕಟ್ಟುವದೂ, ತೊಗರಿಬೇಳೆ ಬೇಗ ಬೇಯದಿರುವದೂ ಇದರ ಗುರುತುಗಳು. ಇಂಥ ನೀರಿನಲ್ಲಿ ಇಂಗಾಲವೇನೋ ಬೇಕಾದಷ್ಟಿರುವದು. ಆದರೆ ಅದರಲ್ಲಿ ಬಹುಭಾಗವು ಬೈಕಾರ್ಬೊನೇಟ್ ಎಂಬ ರೂಪದಲ್ಲಿ ಕಟ್ಟುಬಿದ್ದಿರುವದು. ಬಿಡಿಯಾದ ಇಂಗಾಲಾಮ್ಲ ವಾಯುವು, ಗಾಳಿಯೊಂದಿಗೆ ಸಮತೂಕಕ್ಕೆ ಬಂದ ನೀರಿನಲ್ಲಿ, ಒಂದು ಲೀಟರಿಗೆ ಒಂದು ಮಿಲಿಗ್ರಾಮಿಗಿಂತಲೂ ಕಡಿಮೆ. ಸಿಲಿಂಡರಿನಿಂದ ಈ ವಾಯುವನ್ನು ತೊಟ್ಟಿಗೆ ಬಿಡುವ ಹವ್ಯಾಸಿಗಳು ಅದನ್ನು 20ರಿಂದ 30 ಮಿಲಿಗ್ರಾಮಿನವರೆಗೆ ಏರಿಸುವರು. ಚಿತ್ರಗಳಲ್ಲಿ ಕಾಣುವ ಕೆಂಪು ಗಿಡಗಳೂ ಹುಲ್ಲುಹಾಸಿನಂಥ ಕಿರುಗಿಡಗಳೂ ಆ ಏರ್ಪಾಟಿನಿಂದ ಬೆಳೆದವುಗಳು. ಆ ಏರ್ಪಾಟಿಲ್ಲದ ಮನೆಯವರು ಆ ಚಿತ್ರವನ್ನು ನೋಡಿ ಅಷ್ಟೇ ಪ್ರಬಲವಾದ ದೀಪವನ್ನು ಮಾತ್ರ ಕೊಂಡುತಂದರೆ ಹಿಟ್ಟಿಲ್ಲದೆ ಒಲೆ ಉರಿಸಿದಂತಾಗುವದು.

ಆದರೆ ಗಡಸು ನೀರಿನಲ್ಲಿಯೂ ಸುಖವಾಗಿ ಬಾಳುವ ಗಿಡಗಳುಂಟು. ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ, ಸೆರಟೊಫಿಲ್ಲಮ್ ಎಂಬವು ಬೈಕಾರ್ಬೊನೇಟಿನಿಂದಲೂ ಇಂಗಾಲವನ್ನು ಬಿಡಿಸಿಕೊಳ್ಳಬಲ್ಲವು. ಇವು ಭಾರತದ ಕೆರೆಹೊಳೆಗಳಲ್ಲಿ ತಾವಾಗಿಯೇ ಬೆಳೆಯುವ ಜಾತಿಗಳು. ಪ್ರಬಲವಾದ ಬೆಳಕಿನಲ್ಲಿ ಇವುಗಳ ಎಲೆಗಳ ಮೇಲೆ ಕೆಲವು ಸಲ ಬೂದಿಬಣ್ಣದ ಒರಟು ಪದರು ಕಾಣಬರುವದು. ಅದು ರೋಗವಲ್ಲ. ಗಿಡವು ಬೈಕಾರ್ಬೊನೇಟನ್ನು ಉಪಯೋಗಿಸಿದಾಗ ಉಳಿದ ಸುಣ್ಣವು ಎಲೆಯ ಮೇಲೆಯೇ ಕುಳಿತದ್ದು. ಅದನ್ನು ಕಂಡಾಗ ಬಿಡಿಯಾದ ಇಂಗಾಲಾಮ್ಲ ವಾಯುವು ಮುಗಿಯುತ್ತಲಿದೆ, ಬೆಳಕು ನೀರಿನ ಶಕ್ತಿಗಿಂತ ಮುಂದೆ ಹೋಗುತ್ತಲಿದೆ ಎಂದು ತಿಳಿಯತಕ್ಕದ್ದು.

ಗಿಡಗಳೆಲ್ಲವೂ ಒಂದೇ ಪ್ರಮಾಣದ ಬೆಳಕನ್ನು ಅಪೇಕ್ಷಿಸುವದಿಲ್ಲ. ನೆಲದ ಮೇಲೆ ತೊಗರಿಯು ಬಯಲಿನ ಬಿಸಿಲನ್ನು ಬಯಸುವದು. ವೀಳ್ಯದ ಬಳ್ಳಿಯು ತೋಟದ ನೆರಳನ್ನು ಬಯಸುವದು. ನೀರಿನಲ್ಲಿಯೂ ಹಾಗೆಯೇ. ಜಾವಾ ಫರ್ನ್, ಅನುಬಿಯಾಸ್, ಕ್ರಿಪ್ಟೊಕೊರೈನ್ ಇವು ನೆರಳಿನ ಜಾತಿಯವು, ನಿಧಾನವಾಗಿ ಬೆಳೆಯುವವು, ಮಂದವಾದ ಬೆಳಕಿನಲ್ಲಿ ತೃಪ್ತಿಪಡುವವು. ಇವುಗಳಲ್ಲಿ ಮೊದಲಿನ ಎರಡನ್ನು ಮಳಲಿನಲ್ಲಿ ಹೂಳದೆ ಕಲ್ಲಿಗೋ ಕಟ್ಟಿಗೆಗೋ ದಾರದಿಂದ ಕಟ್ಟಿಡಬೇಕು. ವ್ಯಾಲಿಸ್ನೇರಿಯಾ, ಹೈಗ್ರೊಫಿಲಾ, ಹೈಡ್ರಿಲ್ಲಾ ಇವುಗಳಿಗೆ ಅದಕ್ಕಿಂತ ಸ್ವಲ್ಪ ಹೆಚ್ಚು ಬೆಳಕಿದ್ದರೆ ಒಳ್ಳೇದು. ಕೆಂಪೆಲೆಯ ರೊಟಾಲಾ ಮೊದಲಾದವುಗಳೂ ನೆಲಕ್ಕೆ ಹಬ್ಬುವ ಕಿರುಗಿಡಗಳೂ ತೀವ್ರವಾದ ಬೆಳಕನ್ನೂ ಹೊರಗಿನಿಂದ ಕೊಡುವ ಇಂಗಾಲಾಮ್ಲ ವಾಯುವನ್ನೂ ಕೇಳುವವು. ಆದಕಾರಣ ಮೊದಲು ಗಿಡವನ್ನು ಆರಿಸಿ ಆಮೇಲೆ ದೀಪವನ್ನು ಆರಿಸುವದು ವಿವೇಕದ ಮಾರ್ಗವು. ಅಂಗಡಿಯಲ್ಲಿ ದೀಪವನ್ನು ಮೊದಲು ಕೊಂಡವರು ಆ ದೀಪಕ್ಕಾಗಿ ಗಿಡಗಳನ್ನು ಹುಡುಕುತ್ತಾ ಹೋಗಬೇಕಾಗುವದು.

ಇನ್ನು ದೀಪದ ಅಳತೆ. ಹಿಂದಿನ ಪುಸ್ತಕಗಳಲ್ಲಿ ಇಷ್ಟು ನೀರಿಗೆ ಇಷ್ಟು ವ್ಯಾಟ್ ಎಂದು ಹೇಳುತ್ತಿದ್ದರು. ಆ ಲೆಕ್ಕವು ಈಗ ನಡೆಯದು. ಯಾಕಂದರೆ ವ್ಯಾಟ್ ಎಂಬದು ದೀಪವು ಎಷ್ಟು ವಿದ್ಯುಚ್ಛಕ್ತಿಯನ್ನು ತಿನ್ನುವದೆಂದು ಹೇಳುವದೇ ಹೊರತು ಎಷ್ಟು ಬೆಳಕನ್ನು ಕೊಡುವದೆಂದು ಹೇಳುವದಿಲ್ಲ. ಹಳೆಯ ತಂತಿಯ ಬಲ್ಬು 60 ವ್ಯಾಟ್ ತಿಂದು ಕೊಡುತ್ತಿದ್ದ ಬೆಳಕನ್ನು ಈಗಿನ ಎಲ್.ಇ.ಡಿ. ಬಲ್ಬು 9 ವ್ಯಾಟ್‌ನೊಳಗೆ ಕೊಡುವದು. ಬೆಳಕಿನ ಮೊತ್ತವನ್ನು ಹೇಳುವ ಅಳತೆಗೆ ಲೂಮೆನ್ ಎಂದು ಹೆಸರು; ಅದು ದೀಪದ ಪೆಟ್ಟಿಗೆಯ ಮೇಲೆ ಅಚ್ಚಾಗಿರುವದು. ಹವ್ಯಾಸಿಗಳು ಅನುಭವದಿಂದ ಕಂಡುಕೊಂಡ ಸ್ಥೂಲವಾದ ಲೆಕ್ಕವು ಹೀಗಿದೆ: ನೆರಳಿನ ಗಿಡಗಳಿಗೆ ಒಂದು ಲೀಟರ್ ನೀರಿಗೆ 10ರಿಂದ 20 ಲೂಮೆನ್, ಮಧ್ಯಮ ಗಿಡಗಳಿಗೆ 20ರಿಂದ 40, ತೀವ್ರ ಬೆಳಕಿನ ಗಿಡಗಳಿಗೆ 40ಕ್ಕೆ ಮೇಲ್ಪಟ್ಟು.

ಇದನ್ನು ಒಂದು ಉದಾಹರಣೆಯಿಂದ ತಿಳಿಸುವೆವು. ಉದ್ದ 60, ಅಗಲ 30, ಎತ್ತರ 30 ಸೆಂಟಿಮೀಟರಿನ ತೊಟ್ಟಿಯು ಮನೆಗಳಲ್ಲಿ ಸಾಮಾನ್ಯವಾದದ್ದು. ಈ ಮೂರನ್ನು ಗುಣಿಸಿ 1000ದಿಂದ ಭಾಗಿಸಿದರೆ 54 ಲೀಟರ್ ಬರುವದು. ತಳದ ಮಳಲನ್ನೂ ಮೇಲೆ ಬಿಟ್ಟ ಜಾಗವನ್ನೂ ಕಳೆದರೆ ನಿಜವಾದ ನೀರು ಸುಮಾರು 45 ಲೀಟರ್. ಲೀಟರಿಗೆ 15 ಲೂಮೆನ್ ಎಂದರೆ 675 ಲೂಮೆನ್ ಆಯಿತು. ಮನೆಯಲ್ಲಿ ಉಪಯೋಗಿಸುವ 9 ವ್ಯಾಟಿನ ಎಲ್.ಇ.ಡಿ. ಬಲ್ಬು ಸುಮಾರು 800ರಿಂದ 900 ಲೂಮೆನ್ ಕೊಡುವದು. ಅದರ ಬೆಳಕು ನಾಲ್ಕು ಕಡೆಗೂ ಚೆದರಿಹೋಗದಂತೆ ಮೇಲೆ ಬಿಳಿಯ ತಗಡಿನ ಮರೆಯನ್ನು ಕಟ್ಟಿದರೆ ನೆರಳಿನ ಗಿಡಗಳಿಗೆ ಅಂಥ ಒಂದೇ ಬಲ್ಬು ಸಾಕು. ವ್ಯಾಲಿಸ್ನೇರಿಯಾ ಮುಂತಾದವುಗಳಿದ್ದರೆ ಎರಡನ್ನು ಅಂತರವಾಗಿ ಇಡಬಹುದು. ಇಲ್ಲವೆ ತೊಟ್ಟಿಯ ಉದ್ದಕ್ಕೆ ಸರಿಯಾದ ಎಲ್.ಇ.ಡಿ. ಪಟ್ಟಿಯನ್ನು ಇಡಬಹುದು. ಉದ್ದವಾದ ಪಟ್ಟಿಯಿಂದ ಮೂಲೆಗಳಿಗೂ ಬೆಳಕು ಸಮನಾಗಿ ಬೀಳುವದು. ಖರ್ಚಿನ ವಿಷಯವನ್ನು ಕೇಳಿದರೆ, 9 ವ್ಯಾಟಿನ ದೀಪವು ದಿನಕ್ಕೆ 8 ತಾಸು ಉರಿದರೆ 30 ದಿನಗಳಲ್ಲಿ ಎರಡು ಯೂನಿಟಿಗಿಂತ ತುಸುವೇ ಹೆಚ್ಚು ವಿದ್ಯುತ್ತನ್ನು ತೆಗೆದುಕೊಳ್ಳುವದು. ಆದದರಿಂದ ಜಲಸಸ್ಯದ ತೊಟ್ಟಿಯು ಸಿರಿವಂತರಿಗೆ ಮಾತ್ರ ಸಲ್ಲುವದೆಂಬ ಮಾತು ಸರಿಯಲ್ಲ.

ದೀಪದ ಬಣ್ಣದ ವಿಷಯವಾಗಿಯೂ ಬಹು ಜನರು ಸಂದೇಹಪಡುವರು. ಬಣ್ಣದ ಗುಣವನ್ನು ಕೆಲ್ವಿನ್ ಎಂಬ ಅಳತೆಯಿಂದ ಸೂಚಿಸುವರು. 2700 ಎಂದರೆ ಹಳದಿಯಾದ ಬೆಳಕು. 6500 ಎಂದರೆ ಹಗಲಿನ ಹಾಗೆ ಬಿಳಿಯಾದ ಬೆಳಕು. ಎಲೆಯು ಕೆಂಪು ಮತ್ತು ನೀಲಿ ಕಿರಣಗಳನ್ನು ವಿಶೇಷವಾಗಿ ಹೀರುವದು. ಜರ್ಮನಿಯ ಎಂಗೆಲ್‌ಮನ್ ಎಂಬ ಶಾಸ್ತ್ರಜ್ಞರು 1882ರಲ್ಲಿ ಹಸುರು ಪಾಚಿಯ ಎಳೆಯ ಮೇಲೆ ಕಾಮನಬಿಲ್ಲಿನ ಬಣ್ಣಗಳನ್ನು ಬೀಳಿಸಿ, ಪ್ರಾಣವಾಯುವನ್ನು ಅರಸುವ ಸೂಕ್ಷ್ಮಜೀವಿಗಳು ಕೆಂಪು ಮತ್ತು ನೀಲಿ ಬಿದ್ದ ಕಡೆಗಳಲ್ಲಿ ಹೆಚ್ಚಾಗಿ ಕೂಡುವದನ್ನು ತೋರಿಸಿದರು. ಆದರೆ ಇದರಿಂದ ಕೆಂಪು ನೀಲಿ ದೀಪಗಳನ್ನೇ ಕೊಳ್ಳಬೇಕೆಂದು ತಿಳಿಯಬಾರದು. ಬಿಳಿಯ ಬೆಳಕಿನಲ್ಲಿ ಎರಡೂ ಅಡಗಿರುವವು. ಮತ್ತು ಬಿಳಿಯ ಬೆಳಕಿನಲ್ಲಿಯೇ ಮೀನಿನ ಬಣ್ಣವೂ ಎಲೆಯ ಆರೋಗ್ಯವೂ ಕಣ್ಣಿಗೆ ಯಥಾರ್ಥವಾಗಿ ಕಾಣುವವು. 5000ದಿಂದ 7000 ಕೆಲ್ವಿನಿನೊಳಗಿನ ಯಾವ ಬಿಳಿಯ ದೀಪವಾದರೂ ಆದೀತು. ಇಷ್ಟು ಅಗ್ಗವಾದ ಬಿಳಿಯ ಎಲ್.ಇ.ಡಿ. ದೊರೆಯುವದಕ್ಕೆ ನೀಲಿ ಬೆಳಕಿನ ಡಯೋಡಿನ ಶೋಧವೇ ಕಾರಣವು. ಅದಕ್ಕಾಗಿ ಅಕಸಾಕಿ, ಅಮಾನೊ, ನಾಕಾಮುರ ಎಂಬ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವು ಕೊಡಲ್ಪಟ್ಟಿತು.

ದೀಪವು ಸರಿಯಾಗಿದ್ದರೂ ಬೆಳಕು ಗಿಡಕ್ಕೆ ಮುಟ್ಟದೆ ಹೋಗುವದುಂಟು. ದೀಪದಿಂದ ದೂರ ಹೋದ ಹಾಗೆಲ್ಲ ಬೆಳಕು ಹರಡಿ ಕ್ಷೀಣವಾಗುವದು. ಒಂದು ಅಡಿ ಆಳದ ತೊಟ್ಟಿಗೆ ಸಾಕಾದ ದೀಪವು ಎರಡು ಅಡಿ ಆಳದ ತೊಟ್ಟಿಯ ತಳಕ್ಕೆ ಸಾಲದು. ಆದದರಿಂದ ಹೊಸದಾಗಿ ಆರಂಭಿಸುವವರು ಎತ್ತರವಾದ ತೊಟ್ಟಿಗಿಂತ ಅಗಲವಾದ ತೊಟ್ಟಿಯನ್ನು ಆರಿಸುವದು ಮೇಲು. ನಮ್ಮ ಪ್ರಾಂತದಲ್ಲಿ ಇನ್ನೊಂದು ಕಳ್ಳನಿದ್ದಾನೆ. ತೊಟ್ಟಿಯ ಮೇಲೆ ಮುಚ್ಚುವ ಗಾಜಿಗೆ ನೀರಿನ ಹನಿಗಳು ಸಿಡಿದು ಒಣಗಿ ಸುಣ್ಣದ ಬಿಳಿಯ ಪೊರೆ ಕಟ್ಟುವದು. ದಿನದಿನಕ್ಕೆ ಹೆಚ್ಚುವದರಿಂದ ಅದು ಕಣ್ಣಿಗೆ ಬೀಳುವದಿಲ್ಲ. ಆದರೆ ಬೆಳಕನ್ನು ಮಾತ್ರ ಕದಿಯುತ್ತಲಿರುವದು. ವಾರಕ್ಕೊಮ್ಮೆ ಆ ಗಾಜನ್ನು ಹೊರಗೆ ತೆಗೆದು ನಿಂಬೆಯ ಹೋಳಿನಿಂದ ತಿಕ್ಕಿ ಒಳ್ಳೇ ನೀರಿನಿಂದ ತೊಳೆದಿಟ್ಟರೆ, ದೊಡ್ಡ ದೀಪವನ್ನು ಕೊಳ್ಳುವ ಖರ್ಚು ಅನೇಕ ಮನೆಗಳಲ್ಲಿ ಉಳಿಯುವದು.

ಬೆಳಕಿನ ಪ್ರಖರತೆಯಷ್ಟೇ ಅದರ ಕಾಲಾವಧಿಯೂ ಮುಖ್ಯವಾದದ್ದು. ನಮ್ಮ ಊರುಗಳು ಸುಮಾರು 17 ಅಂಶ ಉತ್ತರ ಅಕ್ಷಾಂಶದಲ್ಲಿರುವದರಿಂದ ಹಗಲು ಚಳಿಗಾಲದಲ್ಲಿ 11 ತಾಸಿಗೂ ಬೇಸಿಗೆಯಲ್ಲಿ 13 ತಾಸಿಗೂ ಸಮೀಪವಾಗಿರುವದು. ಆದರೆ ದೀಪವನ್ನು ಅಷ್ಟು ಹೊತ್ತು ಉರಿಸುವ ಅಗತ್ಯವಿಲ್ಲ. ಹೊಸ ತೊಟ್ಟಿಗೆ ಮೊದಲನೆಯ ತಿಂಗಳು ದಿನಕ್ಕೆ 6 ತಾಸು ಸಾಕು. ಗಿಡಗಳು ಬೇರೂರಿ ಹೊಸ ಎಲೆಗಳನ್ನು ಬಿಟ್ಟ ಮೇಲೆ 8 ತಾಸಿಗೆ ಏರಿಸಬಹುದು. ಗಿಡಗಳು ಇನ್ನೂ ಬಾಡಿರುವಾಗ ಬೆಳಕನ್ನು ಹೆಚ್ಚು ಕೊಟ್ಟರೆ ಮೊದಲು ಎಚ್ಚರವಾಗುವದು ಪಾಚಿಯೇ. ರಾತ್ರಿ ಮನೆಯವರು ಮಲಗುವವರೆಗೂ ತೊಟ್ಟಿಯ ದೀಪವನ್ನು ಅಂದಕ್ಕಾಗಿ ಉರಿಸುವ ಅಭ್ಯಾಸವು ಒಳ್ಳೇದಲ್ಲ. ಮೀನುಗಳಿಗೂ ಕತ್ತಲೆಯ ವಿಶ್ರಾಂತಿ ಬೇಕು. ಇದಕ್ಕಾಗಿ ಟೈಮರ್ ಎಂಬ ಸಣ್ಣ ಯಂತ್ರವು ದೊರೆಯುವದು. ತಿರುಗುವ ಚಕ್ರದ ಟೈಮರು ವಿದ್ಯುತ್ತು ಹೋದಾಗ ತಾನೂ ನಿಂತು ವೇಳೆಯನ್ನು ತಪ್ಪುವದು. ಒಳಗೆ ಬ್ಯಾಟರಿಯುಳ್ಳದ್ದು ತಪ್ಪುವದಿಲ್ಲ. ವಿದ್ಯುತ್ತು ಆಗಾಗ ಹೋಗುವ ಊರುಗಳಲ್ಲಿ ಎರಡನೆಯದನ್ನೇ ಕೊಳ್ಳುವದು ಲೇಸು.

"ಸೂರ್ಯಪ್ರಕಾಶವು ಪುಕ್ಕಟೆಯಾಗಿ ಸಿಕ್ಕುವಾಗ ದೀಪವೇಕೆ?" ಎಂದು ಮಿತವ್ಯಯಿಗಳಾದ ಗೃಹಿಣಿಯರು ಕೇಳುವದು ನ್ಯಾಯವೇ. ಮಧ್ಯಾಹ್ನದ ಬಯಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್ ಎಂಬಷ್ಟು ಪ್ರಖರವಾದದ್ದು. ಮನೆಯೊಳಗೆ ದೀಪ ಹಚ್ಚಿದ ಕೋಣೆಯ ಬೆಳಕು ಕೆಲವು ನೂರು ಲಕ್ಸ್ ಮಾತ್ರ. ಪೂರ್ವದ ಇಲ್ಲವೆ ಪಶ್ಚಿಮದ ಕಿಟಕಿಯಲ್ಲಿಟ್ಟ ತೊಟ್ಟಿಯ ಮೇಲೆ ನೇರವಾದ ಬಿಸಿಲು ಒಂದೆರಡು ತಾಸು ಬಿದ್ದರೂ ಕೆಲವೇ ದಿನಗಳಲ್ಲಿ ನೀರು ಹಸುರಾಗಬಹುದು; ನೀರೂ ಕಾಯುವದು. ಉತ್ತರದ ಕಿಟಕಿಯ ಪರೋಕ್ಷವಾದ ಬೆಳಕು ಒಳ್ಳೇದು. ಆದರೆ ಒಂದು ಸೂಕ್ಷ್ಮವನ್ನು ಮರೆಯಬಾರದು. ಮೇ ತಿಂಗಳ ಎರಡನೆಯ ವಾರದಿಂದ ಆಗಸ್ಟ್ ತಿಂಗಳ ಮೊದಲನೆಯ ವಾರದವರೆಗೆ ನಮ್ಮ ಊರುಗಳಲ್ಲಿ ನಡುಹಗಲಿನ ಸೂರ್ಯನು ನೆತ್ತಿಗಿಂತ ತುಸು ಉತ್ತರಕ್ಕೆ ಇರುವನು. ಆ ದಿನಗಳಲ್ಲಿ ಉತ್ತರದ ಕಿಟಕಿಯಲ್ಲಿಯೂ ಬಿಸಿಲು ಇಣುಕಬಹುದು; ಆಗ ಒಂದು ತೆಳುವಾದ ಪರದೆಯನ್ನು ಕಟ್ಟತಕ್ಕದ್ದು. ಕಿಟಕಿಯ ಬೆಳಕನ್ನು ನಮ್ಮ ಇಷ್ಟದಂತೆ ಹೆಚ್ಚುಕಡಿಮೆ ಮಾಡಲಾಗದು, ದೀಪವನ್ನಾದರೋ ಮಾಡಬಹುದು. ತೊಟ್ಟಿಯನ್ನು ಕಿಟಕಿಯಿಂದ ದೂರವಿಟ್ಟು ದೀಪವನ್ನು ಉಪಯೋಗಿಸಬೇಕೆನ್ನುವದಕ್ಕೆ ಇದೇ ಕಾರಣವು.

ಬೇಸಿಗೆಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಯಾಕಂದರೆ ಇಲ್ಲಿಯೇ ಮೀನುಗಳ ಜೀವದ ಪ್ರಶ್ನೆಯಿದೆ. ನೀರು ಕಾದಷ್ಟೂ ಅದರಲ್ಲಿ ಪ್ರಾಣವಾಯುವು ಕಡಿಮೆ ಕರಗುವದು. 20 ಅಂಶ ಸೆಂಟಿಗ್ರೇಡಿನ ನೀರು ಒಂದು ಲೀಟರಿಗೆ ಸುಮಾರು 9 ಮಿಲಿಗ್ರಾಮ್ ಪ್ರಾಣವಾಯುವನ್ನು ಹಿಡಿಯುವದು. 35 ಅಂಶದ ನೀರು ಸುಮಾರು 7 ಮಿಲಿಗ್ರಾಮ್ ಮಾತ್ರ. ಮೀನಿಗಾದರೋ ಬಿಸಿನೀರಿನಲ್ಲಿ ಹೆಚ್ಚು ಉಸಿರು ಬೇಕಾಗುವದು. ಗಿಡವೂ ಪಾಚಿಯೂ ಹಗಲಲ್ಲಿ ಪ್ರಾಣವಾಯುವನ್ನು ಕೊಡುವವು. ರಾತ್ರಿಯಲ್ಲಿ ಮೀನಿನಂತೆಯೇ ಅದನ್ನು ತೆಗೆದುಕೊಳ್ಳುವವು. ಆದದರಿಂದ ಮಿತಿಮೀರಿದ ಬೆಳಕಿನಿಂದ ಹಸುರಾದ ತೊಟ್ಟಿಯಲ್ಲಿ ಮೇ ತಿಂಗಳ ನಸುಕಿನ ಹೊತ್ತಿಗೆ ಪ್ರಾಣವಾಯುವು ಬಹಳ ತಗ್ಗಿರುವದು. ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಹಸಿವೆಯಲ್ಲ, ಉಸಿರಿನ ಕೊರತೆಯೆಂದು ತಿಳಿದು ಕೂಡಲೆ ಗಾಳಿಯ ಪಂಪನ್ನು ನಡಿಸಬೇಕು, ಆಹಾರವನ್ನು ಹಾಕಬಾರದು. ಮಧ್ಯಾಹ್ನದಲ್ಲಿ ಇನ್ನೊಂದು ಅಪಾಯವುಂಟು. ತೀವ್ರವಾದ ಬೆಳಕಿನಲ್ಲಿ ಗಿಡವೂ ಪಾಚಿಯೂ ಇಂಗಾಲವನ್ನು ಎಳೆದುಕೊಂಡಾಗ ನೀರಿನ ಕ್ಷಾರಗುಣವು ಏರುವದು. ಆಗ ಮೀನಿನ ಮಲದಿಂದಲೂ ಕೊಳೆತ ಆಹಾರದಿಂದಲೂ ಹುಟ್ಟಿದ ಅಮೋನಿಯಾದಲ್ಲಿ ಹೆಚ್ಚಿನ ಪಾಲು ವಿಷರೂಪಕ್ಕೆ ತಿರುಗುವದು.

ಇದಕ್ಕೆ ಪರಿಹಾರಗಳು ಸುಲಭವಾದವುಗಳೇ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ದೀಪದ ಹೊತ್ತನ್ನು 6 ತಾಸಿಗೆ ಇಳಿಸಿ, ಅದನ್ನು ಮುಂಜಾನೆಯ ಇಲ್ಲವೆ ಸಾಯಂಕಾಲದ ತಂಪಿನಲ್ಲಿ ಇಟ್ಟುಕೊಳ್ಳಬೇಕು. ದೀಪವನ್ನು ಮುಚ್ಚಿದ ಡಬ್ಬಿಯಂಥ ಮುಚ್ಚಳದೊಳಗೆ ಇಡದೆ ನೀರಿನಿಂದ ಒಂದು ಗೇಣು ಮೇಲೆ ಗಾಳಿಯಾಡುವಂತೆ ತೂಗಬೇಕು. ನಮ್ಮ ಬೇಸಿಗೆಯ ಗಾಳಿಯು ಒಣಗಿದ್ದಾದದರಿಂದ ಮಣ್ಣಿನ ಹೂಜಿಯಲ್ಲಿ ನೀರು ತಂಪಾಗುವ ಹಾಗೆಯೇ ತೊಟ್ಟಿಯ ನೀರೂ ಆವಿಯಾಗುತ್ತಾ ತಂಪಾಗುವದು. ಮೇಲಿನ ಗಾಜನ್ನು ಸರಿಸಿ, ಮೀನು ಹಾರದಂತೆ ಬಲೆಯನ್ನು ಹಾಕಿ, ಸಣ್ಣ ಫ್ಯಾನಿನ ಗಾಳಿಯನ್ನು ನೀರಿನ ಮೇಲೆ ಬಿಟ್ಟರೆ ಎರಡು ಮೂರು ಅಂಶಗಳಷ್ಟು ಉಷ್ಣವು ಇಳಿಯುವದು. ಆವಿಯಾಗಿ ಹೋದದ್ದಕ್ಕೆ ಬದಲಾಗಿ ಕೊಳವೆ ಬಾವಿಯ ನೀರನ್ನೇ ಸುರಿಯುತ್ತಾ ಹೋದರೆ ಸುಣ್ಣವು ಇನ್ನೂ ಕೂಡಿಕೊಳ್ಳುವದು. ಆದಕಾರಣ ಕೂಡಿಟ್ಟ ಮಳೆಯ ನೀರನ್ನಾಗಲಿ ಶೋಧಿಸಿದ ನೀರನ್ನಾಗಲಿ ಸೇರಿಸುವದು ಉತ್ತಮ.

ಬೆಳಕು ತಕ್ಕಷ್ಟಿದೆಯೋ ಇಲ್ಲವೋ ಎಂಬದನ್ನು ಗಿಡವೇ ಹೇಳುವದು. ಕಾಂಡವು ಉದ್ದವಾಗಿ ಬಡಕಲಾಗಿ, ಎಲೆಗಳ ನಡುವಿನ ಅಂತರವು ಹೆಚ್ಚಿ, ಕೆಳಗಿನ ಎಲೆಗಳು ಉದುರಿದರೆ ಬೆಳಕು ಸಾಲದು. ಗಾಜಿನ ಮೇಲೂ ಹಳೆಯ ಎಲೆಗಳ ಅಂಚಿನಲ್ಲಿಯೂ ಹಸುರು ನೂಲಿನಂಥ ಪಾಚಿಯು ವಾರದೊಳಗೆ ತುಂಬಿಕೊಂಡರೆ ಬೆಳಕು ಹೆಚ್ಚಾಯಿತು, ಇಲ್ಲವೆ ಮೀನಿಗೆ ಹಾಕುವ ಆಹಾರವು ಹೆಚ್ಚಾಯಿತು. ಹೊಸ ಎಲೆಗಳು ಮಾತ್ರ ಹಳದಿಯಾಗಿ ನರಗಳು ಹಸುರಾಗಿ ಉಳಿದರೆ ಅದು ಬೆಳಕಿನ ದೋಷವಲ್ಲ, ಕಬ್ಬಿಣದ ಕೊರತೆ. ಹೊಸದಾಗಿ ನೆಟ್ಟ ಕ್ರಿಪ್ಟೊಕೊರೈನಿನ ಎಲೆಗಳು ಕರಗಿಹೋದರೆ ಕಿತ್ತೊಗೆಯಬಾರದು. ಬೇರು ಜೀವಂತವಾಗಿದ್ದರೆ ಕೆಲವು ವಾರಗಳಲ್ಲಿ ತಿರಿಗಿ ಚಿಗುರುವದು. ಏನನ್ನಾದರೂ ಬದಲಿಸಬೇಕಾದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ ಎರಡು ವಾರ ಕಾಯತಕ್ಕದ್ದು. ದೀಪ, ಗೊಬ್ಬರ, ನೀರು ಮೂರನ್ನೂ ಒಂದೇ ದಿನ ಬದಲಿಸಿದವರಿಗೆ ಯಾವದರಿಂದ ಗುಣವಾಯಿತು, ಯಾವದರಿಂದ ಕೇಡಾಯಿತು ಎಂಬದು ಎಂದಿಗೂ ತಿಳಿಯುವದಿಲ್ಲ.

ಮಕ್ಕಳು ಮನೆಯಲ್ಲಿ ಮಾಡಬಹುದಾದ ಪರೀಕ್ಷೆಯೊಂದನ್ನು ಇಲ್ಲಿ ಸೂಚಿಸುವೆವು. ಗಾಜಿನ ಲೋಟದಲ್ಲಿ ನೀರು ತುಂಬಿ ಅದರಲ್ಲಿ ಒಂದು ಚಿಟಿಕೆ ಅಡಿಗೆಯ ಸೋಡವನ್ನು ಕರಗಿಸಿರಿ. ಹೈಡ್ರಿಲ್ಲಾದ ಒಂದು ಗೇಣು ಕುಡಿಯನ್ನು ಕೊಯ್ದು, ಕೊಯ್ದ ತುದಿಯು ಮೇಲಾಗುವಂತೆ ಕಲ್ಲು ಕಟ್ಟಿ ಮುಳುಗಿಸಿರಿ. ಎಲ್.ಇ.ಡಿ. ದೀಪವನ್ನು ಲೋಟದಿಂದ 60 ಸೆಂಟಿಮೀಟರ್ ದೂರವಿಟ್ಟು ಕೆಲವು ನಿಮಿಷ ಬಿಟ್ಟು, ಒಂದು ನಿಮಿಷಕ್ಕೆ ಎಷ್ಟು ಗುಳ್ಳೆಗಳು ಏಳುವವೆಂದು ಎಣಿಸಿ ಬರೆದುಕೊಳ್ಳಿರಿ. ಅನಂತರ 40, 30, 20, 10 ಸೆಂಟಿಮೀಟರಿಗೆ ತಂದು ಹಾಗೆಯೇ ಎಣಿಸಿರಿ. ದೀಪವು ಹತ್ತಿರ ಬಂದ ಹಾಗೆ ಗುಳ್ಳೆಗಳು ಮೊದಲು ತ್ವರೆಯಾಗಿ ಹೆಚ್ಚುವವು. ದೀಪವು ಸಾಕಷ್ಟು ಪ್ರಬಲವಾಗಿದ್ದರೆ ಮುಂದೆ ಒಂದು ಹಂತದಲ್ಲಿ ಎಷ್ಟು ಹತ್ತಿರ ತಂದರೂ ಹೆಚ್ಚುವದಿಲ್ಲ. ಬ್ಲ್ಯಾಕ್‌ಮನ್ನರ ನಿಯಮವನ್ನು ಹುಡುಗಿಯು ತನ್ನ ಕಣ್ಣಿನಿಂದಲೇ ಕಂಡಂತಾಯಿತು. ಪುಸ್ತಕದಲ್ಲಿ ಓದಿ ಬಾಯಿಪಾಠ ಮಾಡಿದ ನಿಯಮವು ಪರೀಕ್ಷೆಯ ದಿನದ ವರೆಗೆ ಉಳಿಯುವದು. ತಾನೇ ಎಣಿಸಿ ಕಂಡ ನಿಯಮವು ಆಯುಷ್ಯವಿಡೀ ಉಳಿಯುವದು.

ಹೆತ್ತವರಿಗೆ ಒಂದು ಎಚ್ಚರಿಕೆಯ ಮಾತು. ನೀರೂ ವಿದ್ಯುತ್ತೂ ಒಂದೇ ಕಡೆಯಲ್ಲಿರುವಾಗ ಅಜಾಗ್ರತೆಯು ಪ್ರಾಣಕ್ಕೆ ಎರವಾಗುವದು. ದೀಪವನ್ನು ನೀರಿಗೆ ಬೀಳದಂತೆ ಭದ್ರವಾಗಿ ಕಟ್ಟಬೇಕು. ತಂತಿಯು ಪ್ಲಗ್ಗಿಗಿಂತ ಕೆಳಗೆ ಒಂದು ಬಾಗು ಬಾಗಿ ಆಮೇಲೆ ಮೇಲಕ್ಕೆ ಹೋಗುವಂತೆ ಬಿಟ್ಟರೆ, ತಂತಿಯಗುಂಟ ಹರಿದ ನೀರು ಪ್ಲಗ್ಗಿನೊಳಗೆ ಸೇರದೆ ಆ ಬಾಗಿನಿಂದಲೇ ಕೆಳಗೆ ತೊಟ್ಟಿಕ್ಕುವದು. ತೊಟ್ಟಿಯಲ್ಲಿ ಕೈ ಹಾಕುವ ಮುಂಚೆ ದೀಪ, ಪಂಪು, ಫ್ಯಾನು ಎಲ್ಲವನ್ನೂ ನಿಲ್ಲಿಸಿ ಪ್ಲಗ್ಗನ್ನು ಕಿತ್ತಿಡುವ ಅಭ್ಯಾಸವನ್ನು ಮಕ್ಕಳಿಗೆ ಮೊದಲನೆಯ ದಿನದಿಂದಲೇ ಕಲಿಸತಕ್ಕದ್ದು. ಮನೆಯಲ್ಲಿ ಭೂಸಂಪರ್ಕದ ತಂತಿಯೂ, ವಿದ್ಯುತ್ತು ಸೋರಿದೊಡನೆ ತಾನಾಗಿ ನಿಲ್ಲಿಸುವ ಸ್ವಿಚ್ಚೂ ಇದ್ದರೆ ಒಳ್ಳೇದು.

ಜಲಸಸ್ಯಗಳನ್ನು ಅಂಗಡಿಯಿಂದ ಇಲ್ಲವೆ ಸ್ನೇಹಿತರ ತೊಟ್ಟಿಯಿಂದ ತೆಗೆದುಕೊಳ್ಳಿರಿ. 2011ರಲ್ಲಿ ವನ್ಯಜೀವಿಧಾಮವೆಂದು ಸಾರಲ್ಪಟ್ಟ ಚಿಂಚೋಳಿಯ ಅಡವಿಯಿಂದ ಗಿಡವನ್ನಾಗಲಿ ಮೀನನ್ನಾಗಲಿ ತರಕೂಡದು. ಹಾಗೆಯೇ ತೊಟ್ಟಿಯಲ್ಲಿ ಹೆಚ್ಚಾಗಿ ಕತ್ತರಿಸಿದ ಗಿಡಗಳನ್ನು ಕಾಗಿಣಾ ಹೊಳೆಗೂ ಊರ ಕೆರೆಗೂ ಚೆಲ್ಲದೆ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿರಿ. ಪರದೇಶದಿಂದ ಚೆಲುವಿಗಾಗಿ ತಂದ ನೀರುಗಿಡವೊಂದು ಭಾರತದ ಎಷ್ಟೋ ಕೆರೆಗಳನ್ನು ಮುಚ್ಚಿ ಕೆಡಿಸಿರುವದನ್ನು ಎಲ್ಲರೂ ಬಲ್ಲರು.

ಕಡೆಯದಾಗಿ ಹೇಳತಕ್ಕದ್ದೇನಂದರೆ, ಗಾಜಿನ ತೊಟ್ಟಿಯಲ್ಲಿ ನಾವು ಇಟ್ಟ ಜೀವಿಗಳು ತಮಗೆ ಬೇಕಾದ ಕಡೆಗೆ ಹೋಗಲಾರವು. ಹೊಳೆಯ ಮೀನು ಬಿಸಿಲು ಹೆಚ್ಚಾದರೆ ಮಡುವಿನ ಆಳಕ್ಕೆ ಇಳಿಯುವದು. ಹೊಳೆಯ ಗಿಡವು ದಡದ ಮರದ ನೆರಳಿನಲ್ಲಿ ಬೇರೂರುವದು. ತೊಟ್ಟಿಯೊಳಗಿನವುಗಳಿಗೆ ಹಗಲನ್ನೂ ರಾತ್ರಿಯನ್ನೂ ನೆರಳನ್ನೂ ನೇಮಿಸುವವರು ನಾವೇ. ಆ ಅಧಿಕಾರವನ್ನು ತಿಳಿದು ಮಿತವಾಗಿ ನಡಿಸುವದು ಮಕ್ಕಳಿಗೆ ಚಿಕ್ಕಂದಿನಲ್ಲಿಯೇ ಬರತಕ್ಕ ಸದ್ಗುಣವು. ಒಂದು ಚಿಕ್ಕ ತೊಟ್ಟಿ, ನೆರಳಿನ ನಾಲ್ಕು ಗಿಡಗಳು, ಒಂಬತ್ತು ವ್ಯಾಟಿನ ಒಂದು ದೀಪ, ದಿನಕ್ಕೆ ಆರು ತಾಸಿನ ಬೆಳಕು, ಇಷ್ಟರಿಂದ ಆರಂಭಿಸಿರಿ. ಗಿಡವು ಇನ್ನೂ ಬೇಕೆಂದು ತೋರಿಸಿದಾಗ ಮಾತ್ರ ಬೆಳಕನ್ನು ಹೆಚ್ಚಿಸಿರಿ.